ಮೊಸರುಕುಡಿಕೆಯ ಬುಡದಿಂದ ಆಯಿಗೆ

ವಾಗ್ಳೆ ಚಾಳು, ಗಿರಗಾವ್
ಮುಂಬಯಿ
೨೪ ಆಗಸ್ಟ್ ೨೦೦೩, ಭಾನುವಾರ

ಪ್ರೀತಿಯ ಆಯಿಗೆ,

ನಿನ್ನ ಮಗಳು ಕೇತಕಿ ಮಾಡುವ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆಯುವುದು ಪದ್ಧತಿ. ಆದರೆ ನನ್ನ ಬಲ ಭುಜವು ಸದ್ಯಕ್ಕೆ ನೆಲ ಮುಟ್ಟಲು ಒಪ್ಪದಿರುವುದರಿಂದ, ಒಂದು ಅಂಗವನ್ನು ಕಳೆದು ಓದಿಕೊಳ್ಳಬೇಕಾಗಿ ವಿನಂತಿ. ಭುಜದ ವಿಷಯ ಮುಂದೆ ಬರುತ್ತದೆ. ಗಾಬರಿಯಾಗಬೇಡ, ಮುರಿದಿಲ್ಲ.

ಈ ಪತ್ರವನ್ನು ನಿನ್ನ ಕೈಗೆ ಕೊಟ್ಟವರು ಬಾಪೂಕಾಕಾ. 'ಹೊಟ್ಟೆನೋವಿನ ಹುಡುಗಿಯನ್ನು ಆ ಊರಿನಲ್ಲಿ ಬಿಡಲಾರೆ, ಓದು ನಿಲ್ಲಿಸಿ ಕರೆದುಕೊಂಡು ಬನ್ನಿ' ಎಂದು ನೀನು ಅವರನ್ನು ದೇವರುಖದಿಂದ ರಾತ್ರಿಯ ಬಸ್ಸಿಗೆ ಹತ್ತಿಸಿದ್ದೆ. ಅವರೀಗ ನಿನ್ನ ಮುಂದೆ ಒಬ್ಬರೇ ನಿಂತಿದ್ದಾರೆ. ದಯವಿಟ್ಟು ಅವರನ್ನು ಬೈಯಬೇಡ. ಅವರ ಬಿಳಿ ಅಂಗಿಯ ಬೆನ್ನಿನ ಮೇಲೆ ಒಂದು ಪುಟ್ಟ ಹೆಜ್ಜೆಗುರುತಿದೆ, ಎರಡು ಸಲ ಒಗೆದರೂ ಹೋಗಲಿಲ್ಲ. ಅದರ ಬಗ್ಗೆ ಅವರನ್ನು ಪ್ರಶ್ನಿಸುವ ಮೊದಲು ಈ ಪತ್ರವನ್ನು ಪೂರ್ತಿಯಾಗಿ ಓದು. ಇಷ್ಟನ್ನೂ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿರುವುದು ಕರ್ವೆಯವರ ಕಿರಾಣಿ ಅಂಗಡಿಯಲ್ಲಿ. ಅಲ್ಲಿ ನೀನು 'ಹಲೋ' ಎನ್ನುವ ಹೊತ್ತಿಗೆ ಅರ್ಧ ದೇವರುಖ ಬೆಲ್ಲ ಕೊಳ್ಳುವ ನೆಪದಲ್ಲಿ ನಿಂತಿರುತ್ತದೆ.

ನಾನು ಬರುವುದಿಲ್ಲ, ಆಯಿ. ಕಾರಣಗಳನ್ನು ಕ್ರಮವಾಗಿ ನಿವೇದಿಸುತ್ತೇನೆ.

ಹೋದ ವರ್ಷ ಜೂನ್ ತಿಂಗಳಲ್ಲಿ ನಾನು ಸೋದರತ್ತೆ ಕುಸುಮ ಆತ್ಯಾಳ ಮನೆಗೆ ಬಂದಾಗ ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ನಿನಗೆ ತಿಳಿದೇ ಇದೆ, ಏಕೆಂದರೆ ಅದನ್ನು ಬೆಳೆಸಿದವಳು ನೀನೇ. ಬಿ.ಎ.ಯಲ್ಲಿ ಮೊದಲಿಗಳು, ಎಂ.ಎ. ಮೊದಲ ವರ್ಷದಲ್ಲೂ ಮೊದಲಿಗಳೇ ಆದೆ. ಮನೋವಿಜ್ಞಾನ ಓದುವವಳಿಗೆ ಮನುಷ್ಯರ ಅಗತ್ಯ ಅಷ್ಟಾಗಿ ಇರುವುದಿಲ್ಲವೆಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಒತ್ತೊತ್ತಾದ ಸಾಲುಮನೆಗಳ ಈ ಚಾಳಿನಲ್ಲಿ ಯಾರ ಮನೆಯ ಚಹಾವನ್ನೂ ಕುಡಿಯಲಿಲ್ಲ. ಮಧ್ಯಾಹ್ನ ಕಾಲೇಜಿನಿಂದ ಬಂದವಳೇ ಬಾಗಿಲು ಮುಚ್ಚಿ ಓದಲು ಕೂರುತ್ತಿದ್ದೆ.

ಈ ಚಾಳಿನಲ್ಲಿ ಹಗಲು ಹೊತ್ತು ಬಾಗಿಲು ಮುಚ್ಚುವುದಕ್ಕೆ ಎರಡೇ ಅರ್ಥ, ಒಂದೋ ಮನೆಯಲ್ಲಿ ಹೊಸ ಮದುಮಕ್ಕಳಿದ್ದಾರೆ, ಇಲ್ಲವೇ ಯಾರಿಗೋ ಕಾಯಿಲೆ ಹೆಚ್ಚಾಗಿದೆ. ಮದುಮಕ್ಕಳಿಲ್ಲವೆಂಬುದು ಎಲ್ಲರಿಗೂ ಗೊತ್ತಿದ್ದುದರಿಂದ, ಮೊದಲ ದಿನವೇ ಪಕ್ಕದ ಮನೆಯ ಪ್ರಮಿಳಾವೈನಿ ಬಾಗಿಲು ಬಡಿದರು.

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ. ಓದ್ತಾ ಇದ್ದೀನಿ."

"ಓದೋಕೆ ಬಾಗಿಲು ಯಾಕೆ ಹಾಕ್ಬೇಕು? ತೆಗೆದಿಟ್ರೆ ಅಕ್ಷರ ಓಡಿಹೋಗ್ತವಾ?"

ನಾನು ಬಾಗಿಲು ಮುಚ್ಚಿದೆ. ಆ ಉತ್ತರ ಮೂರು ಮಹಡಿಗಳಿಗೂ ತಲುಪಿತು.

ದೀಪಾವಳಿಯ ಹೊತ್ತಿಗೆ ಹೊಟ್ಟೆನೋವು ಶುರುವಾಯಿತು. ನಂತರ ನಿದ್ದೆ ಹೋಯಿತು. ಆಮೇಲೆ ತಿಂಗಳಿಗೊಂದು ನೆಗಡಿ, ವಾರಕ್ಕೊಂದು ತಲೆನೋವು. ವೈದ್ಯರು ಹೊಟ್ಟೆಯನ್ನು ಒತ್ತಿ ನೋಡಿದರು, ಫೋಟೋ ತೆಗೆಸಿದರು, ಏನೂ ಸಿಗದೆ ಬೇಸರಗೊಂಡರು. ಅದೇ ದಿನಗಳಲ್ಲಿ ನಾನು ಓದುತ್ತಿದ್ದ ಪುಸ್ತಕಗಳೆಲ್ಲ ಒಂದೇ ಮಾತನ್ನು ಹೇಳುತ್ತಿದ್ದವು. ಯಾವುದಾದರೊಂದು ಗುಂಪಿಗೆ ತಾವು ಸೇರಿದವರೆಂದು ಬಗೆದವರು ಕಡಿಮೆ ಕಾಯಿಲೆ ಬೀಳುತ್ತಾರೆ, ಬೇಗ ಚೇತರಿಸಿಕೊಳ್ಳುತ್ತಾರೆ, ಹೆಚ್ಚು ನಗುತ್ತಾರೆ. ಆ ಸಾಲುಗಳ ಕೆಳಗೆ ನಾನು, ಬಾಗಿಲು ಮುಚ್ಚಿಕೊಂಡು, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು, ಅಳತೆಪಟ್ಟಿಯಿಂದ ನೇರವಾದ ಗೆರೆ ಎಳೆದೆ. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂತು. ಅತ್ಯುತ್ತಮವಾಗಿ ಬರೆದೆ.

ಎರಡನೆಯ ವರ್ಷಕ್ಕೆ ಪ್ರಬಂಧ ಬರೆಯಬೇಕಲ್ಲ, ನನ್ನ ಮಾರ್ಗದರ್ಶಕಿ ಸಬನೀಸ್ ಮೇಡಂ ಹೇಳಿದರು: "ಪುಸ್ತಕ ಸಾಕು. ಒಂದು ನಿಜವಾದ ಗುಂಪು ಹಿಡಿ. ಅವರ ನಿದ್ದೆ, ನೋವು, ಕೋಪ, ಸಂತೋಷ ಎಲ್ಲಾನೂ ವಿಚಾರಿಸು. ಆದ್ರೆ ನೀನು ಹೊರಗೇ ನಿಂತಿರ್ಬೇಕು, ತಿಳೀತಾ?" ಹೊರಗೆ ನಿಲ್ಲುವುದರಲ್ಲಿ ನನಗಿಂತ ನುರಿತವರು ಇಡೀ ವಿಭಾಗದಲ್ಲಿ ಇರಲಿಲ್ಲ. ಒಪ್ಪಿಕೊಂಡೆ.

ಗುಂಪನ್ನು ಹುಡುಕಲು ನಾನು ಕಿಟಕಿಯಿಂದ ಆಚೆ ಹೋಗಬೇಕಾಗಲಿಲ್ಲ. ಕೆಳಗಿನ ಅಂಗಳದಲ್ಲಿ ಗುರುಪೂರ್ಣಿಮೆಯಂದು ತೆಂಗಿನಕಾಯಿ ಒಡೆದು ಗೋಕುಲಾಷ್ಟಮಿಗೆ ಮೊಸರುಕುಡಿಕೆ ಒಡೆಯುವ ವಾಗ್ಳೆ ಚಾಳಿನ ಮಹಿಳಾ ಗೋವಿಂದ ತಂಡ ತಾಲೀಮು ಆರಂಭಿಸಿತು. ಕಚೇರಿಯಿಂದ ಬಂದವರು, ಅಡುಗೆ ಮುಗಿಸಿದವರು, ಸೊಸೆಗೆ ಅಡುಗೆ ಒಪ್ಪಿಸಿದವರು, ಹೀಗೆ ನಲವತ್ತು ಜನ ಹೆಂಗಸರು ಸಂಜೆಗೊಮ್ಮೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಗೋಪುರ ಕಟ್ಟುತ್ತಿದ್ದರು. ಅವರ ನಾಯಕಿ ಶಕುಅಕ್ಕ ಘಾಡಿಗಾಂವ್ಕರ್. ಟೆಲಿಫೋನ್ ಕಚೇರಿಯಲ್ಲಿ ಮೇಲ್ವಿಚಾರಕಿ. ಕಚೇರಿಯಲ್ಲಿ ಇಡೀ ದಿನ ಮೆತ್ತಗೆ ಮಾತಾಡಬೇಕಾಗಿರುವುದರಿಂದ ಉಳಿದ ದನಿಯನ್ನೆಲ್ಲ ಚಾಳಿಗೆ ತರುತ್ತಾರೆ.

ನಾನು ಹೋಗಿ ನನ್ನ ಅಧ್ಯಯನದ ಉದ್ದೇಶವನ್ನು ಶುದ್ಧವಾದ ಭಾಷೆಯಲ್ಲಿ ವಿವರಿಸಿದೆ. ಅವರು ಕೇಳಿಸಿಕೊಂಡು, "ಪ್ರಶ್ನೆ ಕೇಳ್ತೀಯಾ? ಕೇಳು. ಆದ್ರೆ ತಾಲೀಮಿನ ಹೊತ್ತಲ್ಲಿ ಈ ಅಂಗಳದಲ್ಲಿ ಸುಮ್ನೆ ನಿಂತಿರೋಕೆ ದೇವರ ಫೋಟೋಗೆ ಮಾತ್ರ ಪರ್ಮಿಶನ್ನು" ಎಂದರು.

ವಿಜ್ಞಾನಕ್ಕಾಗಿ ಒಪ್ಪಬೇಕಾಯಿತು. ಹೇಗೂ ಸೇರಲೇಬೇಕಾದರೆ ನನ್ನ ಸ್ಥಾನ ಯಾವುದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಕಾಯಿಲೆಯಿಂದ ತೂಕ ಇಳಿದಿತ್ತು, ಎತ್ತರವೂ ಕಡಿಮೆ, ಎಲ್ಲಕ್ಕಿಂತ ಹೆಚ್ಚಾಗಿ ಮೊದಲ ಸ್ಥಾನ ನನಗೆ ಅಭ್ಯಾಸವಾಗಿತ್ತು. ತುದಿಗೆ ಹತ್ತುವುದು ಚಿಂಗಿ ಎಂಬ ಏಳನೇ ತರಗತಿಯ ಹುಡುಗಿಯ ಕೆಲಸ. ಅವಳಿಗೆ ಗಣಿತದಲ್ಲಿ ಕಡಿಮೆ ಅಂಕವೆಂದು ಕೇಳಿದ್ದೆ. ಗೋಪುರವೆಂದರೆ ಭಾರದ ಸಮತೋಲನ, ಅದನ್ನು ಬುದ್ಧಿಯಿಂದ ಏರಬಹುದೆಂದು ಶಕುಅಕ್ಕನಿಗೆ ಮನವರಿಕೆ ಮಾಡಿದೆ. "ಏರು ಮತ್ತೆ" ಎಂದರು.

ಮೊದಲ ಅಂತಸ್ತನ್ನು ಬುದ್ಧಿಯಿಂದಲೇ ಏರಿದೆ. ಎರಡನೆಯದನ್ನು ನಿನ್ನ ಹೆಸರು ಹೇಳಿಕೊಂಡು ಏರಿದೆ. ಮೂರನೆಯದರಲ್ಲಿ ಕೆಳಗೆ ನೋಡಿದೆ. ಅಲ್ಲಿಂದ ಮುಂದೆ ನನಗೆ ನೆನಪಿರುವುದು ಕೈಗೆ ಸಿಕ್ಕ ಒಂದು ಗಟ್ಟಿಯಾದ ವಸ್ತು ಮತ್ತು ಪ್ರಮಿಳಾವೈನಿಯ ಕೂಗು: "ಏ ಪ್ರೊಫೆಸರ್, ಜಡೆ ಬಿಡೇ! ಅದು ಹಗ್ಗ ಅಲ್ವೇ, ನನ್ನ ತಲೆಗೆ ಅಂಟ್ಕೊಂಡಿದೆ!"

ಎಲ್ಲರೂ ಒಟ್ಟಿಗೆ ಕುಸಿದೆವು. ಯಾರಿಗೂ ಪೆಟ್ಟಾಗಲಿಲ್ಲ, ಏಕೆಂದರೆ ಇಡೀ ತಂಡ ಬಿದ್ದದ್ದು ಪ್ರಮಿಳಾವೈನಿಯ ಅತ್ತೆ ಒಣಗಲು ಹಾಕಿದ್ದ ಹಾಸಿಗೆಗಳ ಮೇಲೆ. ನಾನು ಮನೆಗೆ ಹೋಗಿ ಬಾಗಿಲು ಮುಚ್ಚಲು ಹೊರಟೆ. ಶಕುಅಕ್ಕ ಕೈ ಹಿಡಿದು ನಿಲ್ಲಿಸಿ, "ಮೇಲೆ ಹೋಗೋಳಿಗೆ ಧೈರ್ಯ ಬೇಕು, ನಿನಗಿಲ್ಲ. ಕೆಳಗೆ ನಿಲ್ಲೋಳಿಗೆ ಹಠ ಬೇಕು. ಅದು ನಿನ್ನ ಹತ್ರ ಮೂರು ಜನಕ್ಕಾಗೋಷ್ಟಿದೆ. ನಾಳೆಯಿಂದ ಬುಡಕ್ಕೆ ಬಾ" ಎಂದರು.

ಹೀಗೆ, ನಿನ್ನ ಮಗಳು ಜೀವನದಲ್ಲಿ ಮೊದಲ ಬಾರಿಗೆ ಕಟ್ಟಕಡೆಯ ಸಾಲಿಗೆ ಸೇರಿದಳು.

ಬುಡದ ಸಾಲು ಎಂದರೆ ವೃತ್ತಾಕಾರವಾಗಿ ನಿಂತು, ಒಬ್ಬರ ತೋಳನ್ನೊಬ್ಬರು ಹೆಗಲ ಮೇಲೆ ಬಿಗಿದು, ತಲೆ ತಗ್ಗಿಸಿ ನಿಲ್ಲುವುದು. ನಮ್ಮ ಬೆನ್ನಿಗೆ ಒತ್ತುಕೊಟ್ಟು ಹೊರಗೆ ಇನ್ನೆರಡು ಸಾಲು. ಮೇಲೆ ಏನು ನಡೆಯುತ್ತಿದೆ ಎಂಬುದು ನಮಗೆ ಕಾಣಿಸುವುದೇ ಇಲ್ಲ. ಕಾಣಿಸುವುದು ಪಾದಗಳು ಮಾತ್ರ. ಈಗ ನಾನು ಈ ಚಾಳಿನ ಯಾರನ್ನಾದರೂ ಹೆಬ್ಬೆರಳಿನಿಂದಲೇ ಗುರುತಿಸಬಲ್ಲೆ. ಒಬ್ಬಾಕೆಯ ಕಾಲುಂಗುರ ಸಡಿಲವಾದುದನ್ನು ನೋಡಿ, ಆಕೆ ಸರಿಯಾಗಿ ಊಟ ಮಾಡುತ್ತಿಲ್ಲವೆಂದು ಕಂಡುಹಿಡಿದೆ. ಶಕುಅಕ್ಕ ಅವಳ ಗಂಡನನ್ನು ಕರೆಸಿ ವಿಚಾರಿಸಿಕೊಂಡರು. ಅದನ್ನು ಸಂಶೋಧನೆಯ ಫಲವೆಂದು ಹೇಳಬಹುದೇ ಎಂಬುದರ ಬಗ್ಗೆ ನನ್ನಲ್ಲಿ ಇನ್ನೂ ಗೊಂದಲವಿದೆ.

ನನ್ನ ಹೆಗಲ ಮೇಲೆ ನಿಲ್ಲುವವರು ಪ್ರಮಿಳಾವೈನಿ, ಜಡೆಯ ಸೇಡನ್ನು ಆ ರೀತಿಯಲ್ಲಿ ತೀರಿಸಿಕೊಂಡರು. ಗಂಡ ದುಡಿಯುತ್ತಿದ್ದ ಬಟ್ಟೆಗಿರಣಿ ಮುಚ್ಚಿದ ಮೇಲೆ ಅವರು ಎರಡು ವರ್ಷ ಮೆಟ್ಟಿಲು ಇಳಿದಿರಲಿಲ್ಲವಂತೆ, ನಿದ್ದೆಯ ಮಾತ್ರೆ ನುಂಗುತ್ತಿದ್ದರಂತೆ. ಒಂದು ದಿನ ಶಕುಅಕ್ಕ ಒಳಗೆ ನುಗ್ಗಿ, 'ಎರಡನೇ ಅಂತಸ್ತಿಗೆ ಒಬ್ಬಳು ಕಡಿಮೆ ಬಿದ್ದಿದಾಳೆ, ದುಃಖ ಆಮೇಲೆ ಪಡು' ಎಂದು ಎಳೆತಂದರಂತೆ. ಇದನ್ನೆಲ್ಲ ಅವರು ನನಗೆ ಹೇಳಿದ್ದು ನನ್ನ ಹೆಗಲ ಮೇಲೆ ನಿಂತುಕೊಂಡೇ. ಪ್ರಶ್ನೆ ಕೇಳಲು ನನಗೆ ಬೇರೆ ಸಮಯವೇ ಇರಲಿಲ್ಲ.

"ವೈನಿ, ನಿಮ್ಮ ಜೀವನದ ಬಗ್ಗೆ ನಿಮಗೆಷ್ಟು ತೃಪ್ತಿ ಇದೆ? ಒಂದರಿಂದ ಐದರ ಒಳಗೆ ಹೇಳಿ."

"ಈಗಲಾ, ಕೆಳಗಿಳಿದ ಮೇಲಾ?"

"ಎರಡಕ್ಕೂ ವ್ಯತ್ಯಾಸ ಇದೆಯಾ?"

"ನೀನು ಅಲ್ಲಾಡದೆ ನಿಂತ್ರೆ ಐದು. ಅಲ್ಲಾಡ್ತಿದ್ದೀಯ, ಈಗ ಮೂರು."

ಇದು ವೈಜ್ಞಾನಿಕ ವಿಧಾನವಲ್ಲವೆಂದು ಅರಿತು ನಾನು ಪ್ರಶ್ನಾವಳಿಯನ್ನು ಮುದ್ರಿಸಿ ಎಲ್ಲರಿಗೂ ಹಂಚಿದೆ. ಅವರವರ ಮನಸ್ಸಿನಲ್ಲಿ ಇರುವುದನ್ನು ಅವರವರೇ ತುಂಬಬೇಕೆಂದು ಮೂರು ಸಲ ಹೇಳಿದೆ. ಮರುದಿನ ಎಲ್ಲ ಹಾಳೆಗಳೂ ಅಚ್ಚುಕಟ್ಟಾಗಿ ತುಂಬಿ ಬಂದವು. ಎಲ್ಲವೂ ಒಂದೇ ರೀತಿ. ನಿದ್ದೆ: ನಾಲ್ಕು. ತಲೆನೋವು: ಎರಡು. ಒಂಟಿತನ: ಸೊನ್ನೆ. ನಾನು ಸೊನ್ನೆಯನ್ನು ಕೊಟ್ಟಿರಲೇ ಇಲ್ಲ, ಅವರೇ ಬರೆದು ಸೇರಿಸಿದ್ದರು. ವಿಚಾರಿಸಿದಾಗ ತಿಳಿದದ್ದು ಇಷ್ಟು. ತಂಡದವರೆಲ್ಲ ಎರಡನೆಯ ಮಹಡಿಯ ಮೊಗಸಾಲೆಯಲ್ಲಿ ಕೂತು, ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ವಾದ ಮಾಡಿ, ಕೈಯೆತ್ತಿಸಿ ತೀರ್ಮಾನಿಸಿದ್ದರು.

"ಶಕುಅಕ್ಕ, ಸಂತೋಷಕ್ಕೆ ಯಾರಾದರೂ ಮತ ಹಾಕ್ತಾರಾ?"

"ಹಾಕದೆ ಮತ್ತೆ? ಒಬ್ಬಳು ಎರಡು ಅಂತ, ಇನ್ನೊಬ್ಬಳು ಐದು ಅಂತ ಬರೆದ್ರೆ ನೋಡಿದೋರು ಏನಂದ್ಕೋತಾರೆ? ವಾಗ್ಳೆ ಚಾಳಿನ ತಂಡದಲ್ಲಿ ಒಡಕಿದೆ ಅಂದ್ಕೊಳಲ್ವಾ?"

"ನಿದ್ದೆ ನಾಲ್ಕು ಅಂತ ಬರೆದಿದೀರಿ. ತಂಡದಲ್ಲೇ ಇರೋ ಭಾಗೂಬಾಯಿಗೆ ನಿದ್ದೇನೇ ಬರಲ್ಲ ಅಂತ ಅವರೇ ಹೇಳಿದ್ರಲ್ಲ?"

"ಅವಳದ್ದು ಎರಡು, ನನ್ನದು ಆರು. ಹಂಚ್ಕೊಂಡ್ವಿ."

ಸಂಖ್ಯಾಶಾಸ್ತ್ರದ ಎಲ್ಲ ಸೂತ್ರಗಳೂ, ಐದಕ್ಕೇ ಮುಗಿಯುವ ಅಳತೆಯಲ್ಲಿ ಆರು ಕೊಟ್ಟ ಈ ಉತ್ತರದ ಮುಂದೆ ಕೈಕಟ್ಟಿ ನಿಂತವು. ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸವೇ ಇಲ್ಲದ ಒಂದು ಜನಸಮುದಾಯವನ್ನು ಇದುವರೆಗೆ ಯಾರೂ ದಾಖಲಿಸಿದಂತಿಲ್ಲ. ಹಾಳೆಗಳನ್ನು ಸಬನೀಸ್ ಮೇಡಂಗೆ ತೋರಿಸಿದೆ. ಅವರು ಏನೆಂದರೆಂಬುದನ್ನು ಇಲ್ಲಿ ಬರೆದು ಪತ್ರವನ್ನು ಬೆಳೆಸುವುದಿಲ್ಲ.

ಗುಂಪಿಗೆ ಸೇರಿದರೆ ಬರೀ ಒಳ್ಳೆಯದೇ ಆಗುತ್ತದೆಂದು ನಾನು ವಾದಿಸುವುದಿಲ್ಲ, ಆಯಿ. ಪ್ರಾಮಾಣಿಕ ವಿದ್ಯಾರ್ಥಿನಿಯಾಗಿ ಪ್ರತಿಕೂಲ ಪರಿಣಾಮಗಳನ್ನೂ ದಾಖಲಿಸಬೇಕು. ಪಕ್ಕದ ಗಲ್ಲಿಯಲ್ಲಿ ಪಿಂಪಳೆ ಚಾಳಿನ ತಂಡವಿದೆ. ಅವರನ್ನು ನಾನು ದ್ವೇಷಿಸುತ್ತೇನೆ. ಕಾರಣವೇನೆಂದು ಕೇಳಬೇಡ, ಹುಡುಕಿ ನೋಡಿದೆ, ಸಿಗಲಿಲ್ಲ. 'ನಮ್ಮವರು, ಹೊರಗಿನವರು ಎಂಬ ಪೂರ್ವಗ್ರಹದ ಮೂಲ' ಎಂಬ ನನ್ನ ಪ್ರಬಂಧಕ್ಕೆ ಮೊದಲ ವರ್ಷದಲ್ಲಿ ಬಹುಮಾನ ಬಂದಿತ್ತು. ಹೋದ ವಾರ ಅದೇ ಕೇತಕಿ ದಾಮ್ಲೆ, ಪಿಂಪಳೆಯವರ ಲಾರಿ ಹಾದುಹೋಗುವಾಗ, ಗ್ಯಾಲರಿಯ ಕಟಾಂಜನ ಹಿಡಿದು, "ನಿಮ್ಮ ಕುಡಿಕೇನ ಕೈಯಲ್ಲೇ ಮುಟ್ಟೋಷ್ಟು ಕೆಳಗೆ ಕಟ್ಟಿದಾರಂತೆ, ಏಣಿ ತರ್ಲಾ?" ಎಂದು ಕಿರುಚಿದಳು. ಕುಸುಮ ಆತ್ಯಾ ಒಳಗಿನಿಂದ ಬಂದು ನನ್ನ ಹಣೆ ಮುಟ್ಟಿ ನೋಡಿ, "ಜ್ವರ ಇಲ್ಲ" ಎಂದು ಸಂತೋಷಪಟ್ಟಳು.

ಈಗ ಹೊಟ್ಟೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ನೀನು ಕುಳಿತುಕೊಂಡು ಓದುವುದು ಒಳ್ಳೆಯದು.

ಹೊಟ್ಟೆನೋವು ಜುಲೈ ತಿಂಗಳಲ್ಲೇ ಹೋಗಿತ್ತು. ಯಾವ ದಿನ ಹೋಯಿತೆಂದು ಹೇಳಲಾರೆ. ಒಂದು ಸಂಜೆ ತಾಲೀಮಿನ ನಂತರ ಎಲ್ಲರ ಜೊತೆ ಖಾರದ ಮಿಸಳ್ ತಿನ್ನುತ್ತಿದ್ದಾಗ, ಇದು ನನಗೆ ನಿಷಿದ್ಧವಲ್ಲವೇ ಎಂದು ನೆನಪಾಯಿತು. ಆಗ ಪಾವ್ ಮುಗಿದಿತ್ತು, ಇನ್ನೆರಡು ತರಿಸಿದರು. ನಿದ್ದೆಯೂ ಬಂದಿತ್ತು. ಮಲಗಿದ್ದು ಮಾತ್ರ ಗೊತ್ತು, ಎದ್ದಾಗ ನಲ್ಲಿಯಲ್ಲಿ ನೀರು ಬಂದು ಹೋಗಿರುತ್ತಿತ್ತು. ಪ್ರಮಿಳಾವೈನಿ ನಮ್ಮ ಬಿಂದಿಗೆಯನ್ನೂ ತುಂಬಿಸಿಟ್ಟಿರುತ್ತಿದ್ದರು.

ಹಾಗಾದರೆ ಆಗಸ್ಟ್ ಮೊದಲ ವಾರದವರೆಗೂ ನಾನು ನಿನಗೆ ಬರೆದ ಹೊಟ್ಟೆನೋವು ಯಾವುದೆಂದು ನೀನು ಕೇಳುತ್ತೀ. ಅದು ತಂಡದ್ದು.

ನನ್ನ ದೇಹಕ್ಕೆ ಶಕ್ತಿ ಬರಲೆಂದು ನೀನು ಹದಿನೈದು ದಿನಕ್ಕೊಮ್ಮೆ ಬಸ್ಸಿನ ಡ್ರೈವರ್ ಕೈಯಲ್ಲಿ ಅಂಟಿನುಂಡೆಯ ಡಬ್ಬ ಕಳಿಸುತ್ತಿದ್ದೆಯಲ್ಲ, ಅದನ್ನು ನಾನು ಒಮ್ಮೆ ಬುಡದ ಸಾಲಿನವರಿಗೆ ಹಂಚಿದೆ. ಆ ದಿನ ಗೋಪುರ ಮೊದಲ ಬಾರಿಗೆ ಐದು ಅಂತಸ್ತು ಏರಿ ಅಲುಗಾಡದೆ ನಿಂತಿತು. ಅಂದಿನಿಂದ ಆ ಉಂಡೆಗಳಿಲ್ಲದೆ ಐದನೆಯ ಅಂತಸ್ತು ಏರುವುದಿಲ್ಲವೆಂದು ಇಲ್ಲಿ ಎಲ್ಲರೂ ನಂಬಿದರು. ನಾನು ಕಾಕತಾಳೀಯದ ಬಗ್ಗೆ ಒಂದು ಸಣ್ಣ ಉಪನ್ಯಾಸ ಕೊಟ್ಟೆ. ನಂತರ ನಾನೂ ನಂಬಿದೆ. ನನಗೆ ಗುಣವಾಯಿತೆಂದು ನಿನಗೆ ತಿಳಿದರೆ ಡಬ್ಬ ನಿಲ್ಲುತ್ತದೆ. ಆದ್ದರಿಂದ ಗೋಕುಲಾಷ್ಟಮಿ ಮುಗಿಯುವವರೆಗೆ ನನ್ನ ಕಾಯಿಲೆ ಮುಂದುವರಿಯಬೇಕೆಂದು ತಂಡವು ಸರ್ವಾನುಮತದಿಂದ ತೀರ್ಮಾನಿಸಿತು. ನಾನೂ ಕೈಯೆತ್ತಿದೆ, ಆಯಿ. ಪತ್ರ ಬರೆಯುವಾಗ ಸುತ್ತ ಕೂತು ಎಲ್ಲರೂ ಸಲಹೆ ಕೊಟ್ಟರು. 'ಬರೀ ನೋವು ಅಂದ್ರೆ ಸಾಲದು, ಉರೀನೂ ಬರಿ' ಎಂದವರು ಶಕುಅಕ್ಕ. 'ಕಣ್ಣು ಕತ್ತಲೆ ಬರುತ್ತೆ' ಎಂಬುದು ಭಾಗೂಬಾಯಿಯ ಕೊಡುಗೆ. ಡಬ್ಬ ಎರಡಾಗುತ್ತದೆಂದು ಎಲ್ಲರೂ ಲೆಕ್ಕ ಹಾಕಿದ್ದರು. ಎರಡನೆಯ ಡಬ್ಬದ ಬದಲು ನೀನು ಬಾಪೂಕಾಕಾರನ್ನು ಕಳಿಸಿದೆ.

ನಿನ್ನ ಪತ್ರ ಸೋಮವಾರ ಬಂತು. ಮೊಸರುಕುಡಿಕೆ ಬುಧವಾರ. ಅದೇ ಬೆಳಿಗ್ಗೆ ಕಾಕಾ ಬಂದು, ಅದೇ ಬಸ್ಸಿಗೆ ನನ್ನನ್ನು ಹತ್ತಿಸಬೇಕೆಂದು ನೀನು ಬರೆದಿದ್ದೆ. ಬುಡದ ಸಾಲಿನಲ್ಲಿ ಎರಡು ದಿನದಲ್ಲಿ ಬೇರೆಯವರನ್ನು ನಿಲ್ಲಿಸಲಾಗದು, ಹೆಗಲಿನ ಎತ್ತರ, ಉಸಿರಿನ ಲಯ ಎಲ್ಲವೂ ಒಬ್ಬರಿಗೊಬ್ಬರು ಒಗ್ಗಿರಬೇಕು. ಶಕುಅಕ್ಕ ನನ್ನನ್ನು ದಿಟ್ಟಿಸಿ, "ನಿನ್ನ ತಾಯಿ ನಿನಗಿಂತ ಜಾಣೆ ಕಣೇ" ಎಂದರು. ನನ್ನನ್ನು ಬಿಟ್ಟು ಕೊಡುವುದೋ, ಐದನೆಯ ಅಂತಸ್ತನ್ನು ಬಿಡುವುದೋ ಎಂಬುದರ ಬಗ್ಗೆ ಆ ಸಂಜೆ ಯಾರೂ ಮತಕ್ಕೆ ಹಾಕಲಿಲ್ಲ. "ನೀನೇ ಯೋಚ್ನೆ ಮಾಡು" ಎಂದರು. ಅಷ್ಟು ದಿನದಲ್ಲಿ ನನಗೆ ಹೊಟ್ಟೆನೋವು ಬಂದದ್ದು ಅಂದು ಮಾತ್ರ.

ಬುಧವಾರ ಕಾಕಾ ಬರುವ ಮೊದಲೇ ನಾನು ತಂಡದ ಲಾರಿ ಹತ್ತಿದೆ. ಇದನ್ನು ಓಡಿಹೋಗುವುದು ಎನ್ನುವುದಾದರೆ ಹಾಗೆಯೇ ಎನ್ನು. 'ಗ್ರಂಥಾಲಯಕ್ಕೆ ಹೋಗಿದಾಳೆ' ಎಂದು ಕುಸುಮ ಆತ್ಯಾ ಹೇಳಿದಳಂತೆ. ತಾಲೂಕು ಕಚೇರಿಯಲ್ಲಿ ಜೀವನವೆಲ್ಲ ಸುಳ್ಳು ಅರ್ಜಿ ಓದಿದ ಕಾಕಾ, ಆತ್ಯಾಳ ಮುಖ ನೋಡಿಯೇ ಎದ್ದು ಹೊರಟರು. ಗಲ್ಲಿಯ ಪಾನ್ ಅಂಗಡಿಯವನು ದಾರಿ ತೋರಿಸಿದ.

ರಸ್ತೆಗಳು ಕೂಡುವ ನಾಕಾದಲ್ಲಿ ಕುಡಿಕೆ ಐದು ಅಂತಸ್ತಿನ ಎತ್ತರದಲ್ಲಿ ತೂಗುತ್ತಿತ್ತು. ಸುತ್ತಲೂ ಜನ, ಮೈಕಿನ ಅಬ್ಬರ, ಮಹಡಿಗಳಿಂದ ಸುರಿಯುವ ನೀರು. ನಾವು ಬುಡ ಕಟ್ಟಿದೆವು. ನಾನು ತಲೆ ತಗ್ಗಿಸಿದೆ. ಎರಡನೆಯ ಸಾಲು ಏರಿತು, ಪ್ರಮಿಳಾವೈನಿ ನನ್ನ ಹೆಗಲ ಮೇಲೆ ನಿಂತರು. ಮೂರನೆಯದು ಏರುತ್ತಿತ್ತು. ಆಗ ನನ್ನ ಕಣ್ಣಿಗೆ ಬೀಳುತ್ತಿದ್ದ ಪರಿಚಿತ ಪಾದಗಳ ನಡುವೆ ಒಂದು ಜೊತೆ ಹಳೆಯ ಕೊಲ್ಲಾಪುರಿ ಚಪ್ಪಲಿಗಳು ಕಾಣಿಸಿದವು. ಅದರ ಮೇಲೆ ಅರ್ಧ ಉಗುರಿನ ಹೆಬ್ಬೆರಳು. ಬಾಪೂಕಾಕಾ.

"ಕೇತಕೀ! ಹೊರಗೆ ಬಾ! ನಿನ್ನ ತಾಯಿ ಅಲ್ಲಿ ಅನ್ನ ನೀರು ಬಿಟ್ಟು ಕೂತಿದಾಳೆ!"

"ಕಾಕಾ, ಈಗ ಬರೋಕಾಗಲ್ಲ!"

"ಯಾಕಾಗಲ್ಲ?"

"ನನ್ನ ಮೇಲೆ ಪ್ರಮಿಳಾವೈನಿ ನಿಂತಿದಾರೆ!"

"ಇಳಿಯೋಕೆ ಹೇಳು!"

"ಅವರ ಮೇಲೆ ಇನ್ನೊಬ್ಬರಿದಾರೆ!"

"ಅವರಿಗೂ ಹೇಳು!"

ಅವರು ಹೊರಸಾಲುಗಳ ನಡುವೆ ನುಗ್ಗಿ ನನ್ನ ಅಂಗಿಯ ತೋಳು ಹಿಡಿದು ಎಳೆದರು. ನಾನು ಅಲುಗಿದೆ. ನಾನು ಅಲುಗಿದ್ದು ಮೂರು ಅಂತಸ್ತು ದಾಟಿ ಮೇಲಕ್ಕೆ ಹೋಯಿತು. ಗುಂಪಿನಲ್ಲಿ ಯಾರೋ ಹೆದರಿ ಕೂಗಿದರು. ಮೇಲಿನಿಂದ ಪ್ರಮಿಳಾವೈನಿ ಗರ್ಜಿಸಿದರು: "ಯಾರ್ರೀ ಅದು ಕೆಳಗೆ? ತಳ್ಳೋದಿದ್ರೆ ಒಳಗೆ ತಳ್ಳಿ, ಹೊರಗೆ ಎಳೀಬೇಡಿ! ಮಕ್ಕಳೊಂದಿಗಳು ನಾನು!"

ಅಷ್ಟರಲ್ಲಿ ಶಕುಅಕ್ಕ ಕಾಕಾರ ಕಿವಿಯ ಬಳಿ ಸೀಟಿ ಊದಿದರು. "ಅಣ್ಣಾ, ಎರಡೂ ಕೈ ಈ ಹುಡುಗಿ ಬೆನ್ನಿಗೆ ಕೊಡಿ! ತಲೆ ತಗ್ಗಿಸಿ! ಒತ್ತಿ!" ಮೂವತ್ತು ವರ್ಷ ಸರ್ಕಾರಿ ಆದೇಶ ಪಾಲಿಸಿದ ಶರೀರ, ಆಲೋಚಿಸುವ ಮೊದಲೇ ತಲೆ ತಗ್ಗಿಸಿ ಒತ್ತಿತು. ಅವರ ಹಿಂದೆ ಹೊರಸಾಲಿನವರು ಒತ್ತಿದರು. ಇನ್ನು ಬೇಕೆಂದರೂ ಅವರು ಹೊರಬರುವಂತಿರಲಿಲ್ಲ. ತುದಿಗೆ ಏರಬೇಕಾದ ಚಿಂಗಿ, ಅಲ್ಲೊಂದು ಅಗಲವಾದ ಬೆನ್ನಿರುವುದನ್ನು ಕಂಡು, ಅದನ್ನೇ ಮೊದಲ ಮೆಟ್ಟಿಲು ಮಾಡಿಕೊಂಡಳು. ಹೆಜ್ಜೆಗುರುತು ಅವಳದು.

ಆಮೇಲೆ ಎಷ್ಟು ಹೊತ್ತೋ ತಿಳಿಯದು. ಭುಜ ಉರಿಯುತ್ತಿತ್ತು. ಎಲ್ಲರ ಉಸಿರೂ ಒಟ್ಟಿಗೆ ಹೋಗಿ ಒಟ್ಟಿಗೆ ಬರುತ್ತಿತ್ತು. ನನ್ನ ಬೆನ್ನಿಗೆ ಕೊಟ್ಟಿದ್ದ ಕಾಕಾರ ಕೈಗಳು ಮೊದಲು ಅಂಗಿಯನ್ನು ಹಿಡಿದಿದ್ದವು, ಆಮೇಲೆ ಅದನ್ನು ಬಿಟ್ಟು ಅಂಗೈಯಗಲ ಒತ್ತಿ ನಿಂತವು. ತಲೆಯ ಮೇಲೆ ತಣ್ಣಗೆ ಏನೋ ಸುರಿಯಿತು. ನೀರೆಂದುಕೊಂಡೆ, ಮೊಸರು. ಇಳಿಯುವ ಗಡಿಬಿಡಿಯಲ್ಲಿ ಪ್ರಮಿಳಾವೈನಿಯ ಮೊಣಕಾಲು ನನ್ನ ಬಲ ಭುಜಕ್ಕೆ ಬಡಿಯಿತು, ನಮಸ್ಕಾರ ಅರ್ಧಕ್ಕೆ ನಿಂತ ಕಥೆ ಇಷ್ಟೇ.

ಕಾಕಾ ನೆಟ್ಟಗಾದರು. ಮೀಸೆಯಿಂದ ಮೊಸರು ತೊಟ್ಟಿಕ್ಕುತ್ತಿತ್ತು. ನನ್ನನ್ನು ಹೊಡೆಯುತ್ತಾರೆಂದು ಕಣ್ಣು ಮುಚ್ಚಿಕೊಂಡೆ. ಅವರು ಕೇಳಿದ್ದು, "ಒಡೀತಾ? ನನಗೇನೂ ಕಾಣಿಸ್ಲೇ ಇಲ್ಲ!" ಬುಡದಲ್ಲಿ ನಿಂತವರೆಲ್ಲ ಕೇಳುವ ಪ್ರಶ್ನೆ ಅದೊಂದೇ, ಆಯಿ. ನಮ್ಮ ಸಾಲಿನವರೆಲ್ಲ ಒಟ್ಟಿಗೆ, "ಒಡೀತು ಕಾಕಾ!" ಎಂದೆವು.

ಬುಧವಾರದ ಬಸ್ಸು ಹೋಯಿತು. ಗುರುವಾರ ಅವರು ಮೈಕೈ ನೋವೆಂದು ಮಲಗಿದರು. ಚಾಳಿನ ಒಂದೊಂದು ಮನೆಯಿಂದಲೂ ಒಂದೊಂದು ಎಣ್ಣೆ ಬಂತು. ಶುಕ್ರವಾರ ಮೊಗಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, ಪಿಂಪಳೆಯವರು ನಾಲ್ಕನೇ ಅಂತಸ್ತಿಗೇ ಕುಸಿದ ಸುದ್ದಿಯನ್ನು ಬಂದವರಿಗೆಲ್ಲ ಹೇಳಿದರು. ನಿನ್ನೆ ಚಹಾ ಕುಡಿಯುತ್ತ, ಯಾರಿಗೂ ಅಲ್ಲವೆಂಬಂತೆ, "ನಿವೃತ್ತಿ ಆದ್ಮೇಲೆ ಇಷ್ಟು ಜನ ನನ್ನ ಮೈ ಮುಟ್ಟಿದ್ದು ಇದೇ ಮೊದಲು" ಎಂದರು. ನಾವು ಯಾರೂ ನಗಲಿಲ್ಲ. ನಿನಗೆ ಅವರು ಇದನ್ನು ಹೇಳುವುದಿಲ್ಲ, ಆದ್ದರಿಂದ ನಾನು ಬರೆದಿದ್ದೇನೆ.

ಆಯಿ, ನಿನ್ನನ್ನು ಹೆದರಿಸಿದ್ದು ತಪ್ಪು. ಅದಕ್ಕೆ ಯಾವ ಸಿದ್ಧಾಂತದ ಆಸರೆಯನ್ನೂ ತೆಗೆದುಕೊಳ್ಳುವುದಿಲ್ಲ. ಆದರೆ ನೀನು ನನ್ನನ್ನು ಕರೆಸಿಕೊಳ್ಳಲು ಹೊರಟದ್ದು ನನ್ನ ಆರೋಗ್ಯಕ್ಕಾಗಿ. ಆ ಆರೋಗ್ಯ ಸದ್ಯಕ್ಕೆ ವಾಗ್ಳೆ ಚಾಳಿನ ಅಂಗಳದಲ್ಲಿದೆ, ಅದನ್ನು ಒಂದು ಟ್ರಂಕಿನಲ್ಲಿ ತುಂಬಿ ಬಸ್ಸಿನ ಮೇಲೆ ಹೇರಿ ತರಲಾಗುವುದಿಲ್ಲ. ನಾನು ಚೆನ್ನಾಗಿ ತಿನ್ನುತ್ತೇನೆ, ಚೆನ್ನಾಗಿ ಮಲಗುತ್ತೇನೆ. ಜಗಳವನ್ನೂ ಚೆನ್ನಾಗಿ ಆಡುತ್ತೇನೆ. ಕಾಕಾರನ್ನು ಕೇಳಿ ಖಚಿತಪಡಿಸಿಕೋ. ಬಾಬಾರಿಗೆ ನಮಸ್ಕಾರ ತಿಳಿಸು, ಮತ್ತು ಪತ್ರವನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳುವಾಗ ಮಿಸಳ್ ಇರುವ ಭಾಗವನ್ನು ಬಿಟ್ಟು ಓದು.

ಬುಡದ ಸಾಲಿನಲ್ಲಿ ಪ್ರಮಿಳಾವೈನಿಯ ಕೆಳಗಿನವಳಾದ
ನಿನ್ನ ಮಗಳು
ಕೇತಕಿ

ತಾ.ಕ.: ಇದು ನಿನಗೊಬ್ಬಳಿಗೆ, ಬಾಬಾರಿಗೆ ಓದಬೇಡ. ಹಾಳೆಗಳನ್ನು ನೋಡಿ ಸಬನೀಸ್ ಮೇಡಂ ಬಹಳ ಹೊತ್ತು ನಕ್ಕರು. ನಂತರ, ಯಾರನ್ನು ಅಭ್ಯಸಿಸಬೇಕೋ ಅವರನ್ನು ಹೆಗಲ ಮೇಲೆ ಹೊತ್ತವಳ ಪ್ರಬಂಧವನ್ನು ಒಪ್ಪಲಾಗದೆಂದರು. ಎರಡು ದಾರಿ ತೋರಿಸಿದರು. ಗ್ರಂಥಾಲಯದಲ್ಲೇ ಮುಗಿಯುವ ಬೇರೆ ವಿಷಯ ಹಿಡಿದು, ಸಂಜೆಗಳನ್ನೆಲ್ಲ ಓದಿಗೆ ಮೀಸಲಿಟ್ಟು, ಮಾರ್ಚ್‌ನಲ್ಲಿ ಪದಕ ಪಡೆಯುವುದು, ಇಲ್ಲವೇ ಮುಂದಿನ ಗೋಕುಲಾಷ್ಟಮಿಯವರೆಗೆ ಕಾದು, ಬೇರೊಂದು ತಂಡವನ್ನು ಹೊರಗೆ ನಿಂತು ನೋಡಿ ಬರೆಯುವುದು. ಒಂದು ವರ್ಷ ತಡವಾದವರಿಗೆ ಪದಕವಿಲ್ಲ, ಅದು ನನ್ನ ಸಹಪಾಠಿ ಶಾಲ್ಮಲಿ ಕರಂದೀಕರಳಿಗೆ ಹೋಗುತ್ತದೆ. ಸಂಜೆಗಳು ಅಂಗಳಕ್ಕೇ ಉಳಿಯಲೆಂದು ನಾನು ಎರಡನೆಯದನ್ನು ಆರಿಸಿಕೊಂಡೆ. ಆ ರಾತ್ರಿ ಅಳಬೇಕೆಂದು ಮಲಗಿದೆ, ನಿದ್ದೆ ಬಂದುಬಿಟ್ಟಿತು. ಈ ಸುದ್ದಿಯನ್ನು ದೀಪಾವಳಿಯವರೆಗೆ ನಿನ್ನಿಂದ ಮುಚ್ಚಿಡಬೇಕೆಂದು ತಂಡ ನಿನ್ನೆ ಮತಕ್ಕೆ ಹಾಕಿತು. ಎಲ್ಲರೂ ಕೈಯೆತ್ತಿದರು, ಕಾಕಾ ಕೂಡ. ನಾನೊಬ್ಬಳು ಎತ್ತಲಿಲ್ಲ. ಶಕುಅಕ್ಕ ಕಣ್ಣು ಕೆಕ್ಕರಿಸಿ, "ಹಂಗಾದ್ರೆ ಬರಿ. ಆದ್ರೆ ಬೈಗುಳದ ಕಾಗದ ಬಂದ ದಿನ ಒಬ್ಬಳೇ ಒಡೀಬೇಡ, ಎಲ್ಲರನ್ನೂ ಕರಿ" ಎಂದರು. ಆದ್ದರಿಂದ ಬೈಗುಳವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆ, ಆಯಿ, ಹಂಚಿಕೊಳ್ಳಲು ನಲವತ್ತು ಜನ ಇದ್ದೇವೆ.